ಕಛೇರಿಯ ಬೆಳಕಿಗೆ ಎಂಥ ಕ್ಯಾಮೆರಾ?

ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಚಪ್ಪರಕ್ಕೋ, ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನಕ್ಕೋ, ನಿಮ್ಮೂರಿನ ಗಣೇಶೋತ್ಸವದ ಕಛೇರಿಗೋ ನೀವು ಹೋಗಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಗಾಯಕರ ಮುಖ, ಮೃದಂಗ ವಾದಕರ ಬೆರಳು, ಹಿಂದೆ ಕುಳಿತು ತಂಬೂರಿ ಮೀಟುವವರ ಸೀರೆಯ ಅಂಚು, ಎಲ್ಲವೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಅದೇ ದೃಶ್ಯವನ್ನು ಕ್ಯಾಮೆರಾದಲ್ಲಿ ತೆಗೆದರೆ ಮುಖ ಬಿಳಿಚಿಕೊಂಡಿರುತ್ತದೆ, ಬೆರಳುಗಳು ಕಲಸಿಹೋಗಿರುತ್ತವೆ, ಕತ್ತಲಿರುವ ಕಡೆ ರವೆ ಚೆಲ್ಲಿದಂತೆ ಚುಕ್ಕೆಗಳು ಎದ್ದಿರುತ್ತವೆ. ಹೀಗೇಕೆ? ಇದಕ್ಕೆ ಹೊಸ ಕ್ಯಾಮೆರಾ ಕೊಳ್ಳಬೇಕೆ? ಕೊಳ್ಳುವುದಾದರೆ ಎಂಥದ್ದು?

ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮೂರ ದೇವಸ್ಥಾನದಲ್ಲಿ ಹಿರಿಯ ಘಟ ವಾದಕರೊಬ್ಬರ ಕಛೇರಿ ಇತ್ತು. ಬಂಧುವೊಬ್ಬರಿಂದ ಒಳ್ಳೆಯ ಕ್ಯಾಮೆರಾ ಕೇಳಿ ತಂದು, 36 ಚಿತ್ರಗಳ ರೋಲ್ ಪೂರ್ತಿ ಮುಗಿಸಿದೆ. ತೊಳೆಸಿದಾಗ ಒಂದು ಚಿತ್ರವೂ ನೆಟ್ಟಗಿರಲಿಲ್ಲ. ಅದೇ ವರ್ಷ ಅವರು ತೀರಿಕೊಂಡರು. ಮನೆಯವರು ಬಂದು, "ನೀವು ಫೋಟೋ ತೆಗೆದಿದ್ದಿರಂತಲ್ಲ, ಒಂದು ಪ್ರತಿ ಕೊಡ್ತೀರಾ?" ಎಂದು ಕೇಳಿದರು. ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಕ್ಯಾಮೆರಾ ದುಬಾರಿಯದೇ ಆಗಿತ್ತು. ತಪ್ಪು ಎಲ್ಲಿತ್ತು ಎಂಬುದು ಅರ್ಥವಾದದ್ದು ಆಮೇಲೆ, ಲೆಕ್ಕ ಹಾಕಿದಾಗ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಬೆಳಕು ಎಷ್ಟಿದೆ?

ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಕೆಲವೇ ಟ್ಯೂಬ್‌ಲೈಟುಗಳಿರುವ ಸಭಾಂಗಣದಲ್ಲಿ ನೂರು ಲಕ್ಸ್ ಇದ್ದರೆ ಹೆಚ್ಚು. ಅಂದರೆ ಬಿಸಿಲಿನ ಸಾವಿರದ ಒಂದು ಪಾಲು! ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ತಾನಾಗಿ ಹೊಂದಿಕೊಳ್ಳುವುದರಿಂದ ಅದು ನಮಗೆ ತಿಳಿಯುವುದೇ ಇಲ್ಲ. ಟೆಲಿವಿಷನ್ ಸ್ಟುಡಿಯೋದಲ್ಲಾದರೆ ಕ್ಯಾಮೆರಾಕ್ಕೆ ತಕ್ಕಂತೆ ದೀಪ ಹಾಕಿಕೊಳ್ಳುತ್ತೇವೆ. ಕಛೇರಿಯಲ್ಲಿ ದೀಪ ಬೇರೆಯವರದು. ಇರುವ ಬೆಳಕಿಗೇ ಕ್ಯಾಮೆರಾವನ್ನು ಹೊಂದಿಸಬೇಕು.

ಹೊಂದಿಸುವ ದಾರಿಗಳು ಮೂರು: ಮಸೂರದ ಬಾಯಿಯನ್ನು ಅಗಲ ಮಾಡುವುದು, ಷಟರನ್ನು ಹೆಚ್ಚು ಹೊತ್ತು ತೆರೆದಿಡುವುದು, ಐಎಸ್‌ಒ ಅಂಕಿಯನ್ನು ಏರಿಸುವುದು. ಒಂದೊಂದನ್ನೂ ನೋಡೋಣ.

ಮಸೂರದ ಬಾಯಿ

ಮಸೂರದ ಮೇಲೆ 1.8, 2.8, 5.6 ಎಂಬಂಥ ಅಂಕಿಗಳಿರುತ್ತವೆ. ಇವು ಎಫ್ ಸಂಖ್ಯೆಗಳು. ಮಸೂರದ ಸಂಗಮ ದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಹಾಗಾಗಿ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 50 ಮಿ.ಮೀ. ಸಂಗಮ ದೂರದ ಮಸೂರದ ಬಾಯಿ ಎಫ್ 1.8ರಲ್ಲಿ ಸುಮಾರು 28 ಮಿ.ಮೀ., ಎಫ್ 5.6ರಲ್ಲಿ ಸುಮಾರು 9 ಮಿ.ಮೀ. ಒಳಬರುವ ಬೆಳಕು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಲೆಕ್ಕ ಹಾಕಿ ನೋಡಿ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಕೊಡುತ್ತದೆ.

ಕ್ಯಾಮೆರಾದೊಂದಿಗೇ ಕೊಡುವ ಅಗ್ಗದ ಜೂಮ್ ಮಸೂರವನ್ನು ದೂರದ ವಸ್ತುವಿಗೆ ಎಳೆದಾಗ ಅದರ ಬಾಯಿ ಸಾಮಾನ್ಯವಾಗಿ ಎಫ್ 5.6ರ ಆಸುಪಾಸಿಗೆ ಇಳಿದಿರುತ್ತದೆ. ನಾನು ಆ ದಿನ ಬಳಸಿದ್ದು ಅಂಥದ್ದನ್ನೇ. ರೋಲ್ 400 ಐಎಸ್‌ಒ ವೇಗದ್ದು. ನೂರು ಲಕ್ಸ್ ಬೆಳಕಿನಲ್ಲಿ ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದಿರಬೇಕಿತ್ತು. ಅಷ್ಟು ಹೊತ್ತಿನಲ್ಲಿ ಘಟದ ಮೇಲೆ ಬೆರಳುಗಳು ಎಷ್ಟು ಸಲ ಆಡಿರುತ್ತವೆ, ನೀವೇ ಊಹಿಸಿ.

ಷಟರಿನ ವೇಗ

ಮೃದಂಗ ವಾದಕರ ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಚಲಿಸುತ್ತಿದೆ ಎಂದಿಟ್ಟುಕೊಳ್ಳಿ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ 3200 ಇಟ್ಟು, ಅದೇ ಬೆಳಕಿನಲ್ಲಿ, ಎಫ್ 5.6ರ ಮಸೂರದಿಂದ ತೆಗೆದರೆ ಷಟರ್ 1/40 ಸೆಕೆಂಡು ತೆರೆದಿರಬೇಕು. ಅಷ್ಟರಲ್ಲಿ ಕೈ 5 ಸೆಂ.ಮೀ. ಸರಿದಿರುತ್ತದೆ. ಎಫ್ 1.8ರ ಮಸೂರವಾದರೆ 1/400 ಸೆಕೆಂಡು ಸಾಕು. ಕೈ ಸರಿಯುವುದು ಅರ್ಧ ಸೆಂ.ಮೀ. ಮಾತ್ರ. ಕ್ಯಾಮೆರಾ ಅದೇ, ಮಸೂರ ಮಾತ್ರ ಬೇರೆ.

ಅಂಗಡಿಯಲ್ಲಿ "ಇದರಲ್ಲಿ ಸ್ಟೆಬಿಲೈಸೇಷನ್ ಇದೆ, ಕತ್ತಲಲ್ಲೂ ಅಲುಗುವುದಿಲ್ಲ" ಎನ್ನುತ್ತಾರೆ. ಆ ಮಾತು ಅರ್ಧ ನಿಜ. ಅದು ನಿಮ್ಮ ಕೈಯ ನಡುಕವನ್ನು ಸರಿಪಡಿಸುತ್ತದೆ. ಕಲಾವಿದರ ಕೈಯ ಚಲನೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಐಎಸ್‌ಒ ಮತ್ತು ಮಳೆಹನಿ

ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬಂದ ಬೆಳಕಿನ ಸಂಕೇತ ವರ್ಧಿಸುತ್ತದೆ, ಅಷ್ಟೆ. ಮೈಕಿನ ದನಿ ಏರಿಸಿದಾಗ ಹಾಡಿನ ಜೊತೆಗೆ 'ಸ್' ಎಂಬ ಸದ್ದೂ ಏರುವುದಿಲ್ಲವೇ, ಹಾಗೆ.

ಚಿತ್ರದಲ್ಲಿ ಕಾಣುವ ರವೆ ಎಲ್ಲಿಂದ ಬರುತ್ತದೆ? ಮಳೆ ಶುರುವಾಗುವಾಗ ಅಂಗಳದ ಕಲ್ಲುಚಪ್ಪಡಿಗಳನ್ನು ನೋಡಿ. ಒಂದರ ಮೇಲೆ ಐದು ಹನಿ, ಪಕ್ಕದ್ದರ ಮೇಲೆ ಎರಡು. ಜೋರಾಗಿ ಸುರಿದ ಮೇಲೆ ಎಲ್ಲವೂ ಒಂದೇ ಸಮ ನೆನೆಯುತ್ತವೆ. ಬೆಳಕೂ ಫೋಟಾನ್ ಎಂಬ ಹನಿಗಳಾಗಿ ಬೀಳುತ್ತದೆ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 10, ಶೇಕಡಾ ಹತ್ತು. 10,000 ಬೀಳುವ ಕಡೆ ಏರಿಳಿತ 100, ಶೇಕಡಾ ಒಂದೇ ಒಂದು. ಆದ್ದರಿಂದ ಹೆಚ್ಚು ಹನಿ ಹಿಡಿಯುವ ಕ್ಯಾಮೆರಾದ ಚಿತ್ರ ನುಣುಪಾಗಿರುತ್ತದೆ.

ಸಂವೇದಕದ ಗಾತ್ರ ಮುಖ್ಯವಾಗುವುದು ಇಲ್ಲಿಯೇ. ಫುಲ್ ಫ್ರೇಮ್ ಕ್ಯಾಮೆರಾದ ಸಂವೇದಕ 36 × 24 ಮಿ.ಮೀ. ವಿದ್ಯಾರ್ಥಿಗಳ ಕೈಗೆಟುಕುವ ಎಪಿಎಸ್-ಸಿ ಕ್ಯಾಮೆರಾಗಳದು ಅದರ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ್ದು. ಮೊಬೈಲ್ ಫೋನಿನದು ಇನ್ನೂ ಎಷ್ಟೋ ಚಿಕ್ಕದು. ಫೋನ್ ಈ ಕೊರತೆಯನ್ನು ಹಲವು ಚಿತ್ರಗಳನ್ನು ಬೇಗಬೇಗ ತೆಗೆದು ಬೆಸೆದು ತುಂಬಿಸಿಕೊಳ್ಳುತ್ತದೆ. ಕಣ್ಣುಮುಚ್ಚಿ ಆಲಾಪನೆಯಲ್ಲಿ ಮುಳುಗಿದ ಗಾಯಕರ ಮಟ್ಟಿಗೆ ಈ ಉಪಾಯ ಚೆನ್ನಾಗಿಯೇ ಫಲಿಸುತ್ತದೆ. ತನಿ ಆವರ್ತನದ ಬೆರಳುಗಳ ಮುಂದೆ ಸೋಲುತ್ತದೆ.

ದೀಪದ ಚೇಷ್ಟೆ

ಇನ್ನೆರಡು ತೊಡಕುಗಳಿವೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದು. ಅದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕೆಲವು ಎಲ್‌ಇಡಿ ದೀಪಗಳು ಇನ್ನೂ ವೇಗವಾಗಿ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಅಡ್ಡಪಟ್ಟಿಗಳು ಮೂಡಬಹುದು. ಆಗ ಯಾಂತ್ರಿಕ ಷಟರಿಗೆ ಬದಲಿಸಿ ಅಥವಾ ವೇಗವನ್ನು 1/100ಕ್ಕೆ ಇಳಿಸಿ ನೋಡಿ.

ಎರಡನೆಯದು, ಕಪ್ಪು ಪರದೆಯ ಮುಂದೆ ಬೆಳಗಿದ ಮುಖ. ಕ್ಯಾಮೆರಾ ಇಡೀ ದೃಶ್ಯದ ಸರಾಸರಿ ತೆಗೆದು "ಕತ್ತಲೆ ಹೆಚ್ಚಿದೆ" ಎಂದು ಭಾವಿಸಿ ಮುಖವನ್ನು ಬಿಳುಪಾಗಿಸುತ್ತದೆ. ಮುಖವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಬಳಸಿ.

ಫ್ಲಾಷ್ ಹಾಕಿದರಾಗದೆ ಎನ್ನುವಿರಾ? ದೂರ ಐದು ಪಟ್ಟಾದರೆ ಅದರ ಬೆಳಕು ಇಪ್ಪತ್ತೈದನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತನೇ ಸಾಲಿನಿಂದ ಹಾಕಿದ ಫ್ಲಾಷ್ ಬೆಳಗುವುದು ಮುಂದೆ ಕುಳಿತವರ ತಲೆಗಳನ್ನು. ಕಲಾವಿದರ ಏಕಾಗ್ರತೆ ಕೆಡುವುದು ಬೇರೆ.

ಹಾಗಾದರೆ ಏನು ಕೊಳ್ಳಬೇಕು?

ನಿಮ್ಮಲ್ಲಿರುವ ಹಣ ಮಿತವಾದದ್ದು, ಬಹುಶಃ ತಂದೆತಾಯಿ ಕೂಡಿಟ್ಟದ್ದು. ಹೊಸ ಮಾದರಿಯ ಕ್ಯಾಮೆರಾಕ್ಕೆ ಅದನ್ನೆಲ್ಲ ಸುರಿದು, ಜೊತೆಗೆ ಬಂದ ಜೂಮ್ ಮಸೂರದಿಂದ ತೃಪ್ತಿಪಡುವುದು ಬೇಡ. ಕೆಲವು ವರ್ಷ ಹಳೆಯದಾದ, ಮಸೂರ ಬದಲಿಸಬಹುದಾದ ಎಪಿಎಸ್-ಸಿ ಕ್ಯಾಮೆರಾ ಒಂದು, ಅದಕ್ಕೆ 50 ಮಿ.ಮೀ. ಎಫ್ 1.8ರ ಮಸೂರ ಒಂದು. ಪ್ರಮುಖ ಕಂಪನಿಗಳ ಮಸೂರಗಳಲ್ಲಿ ಇದು ಅಗ್ಗದವುಗಳ ಸಾಲಿಗೆ ಸೇರುತ್ತದೆ. ಆರು ಮೀಟರ್ ದೂರದಿಂದ ಇದರ ಚೌಕಟ್ಟಿನ ಅಗಲ ಸುಮಾರು 2.8 ಮೀಟರ್. ಗಾಯಕರೂ ಪಕ್ಕವಾದ್ಯದವರೊಬ್ಬರೂ ಅದರಲ್ಲಿ ಹಿಡಿಸುತ್ತಾರೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಮಾದರಿ ಸಿಕ್ಕರೆ ಸದ್ದು ಕಡಿಮೆ. ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಆದರೆ 'ಟಕ್' ಎಂಬ ಸದ್ದನ್ನು ಚಪ್ಪಾಳೆಯ ಹೊತ್ತಿಗೆ ಮೀಸಲಿಡಿ.

ಬಾಯಿ ಅಗಲವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಎಫ್ 1.8ರ ಮಸೂರದಿಂದ ನಾಲ್ಕು ಮೀಟರ್ ದೂರದಲ್ಲಿ ತೆಗೆದರೆ ಅದು ಸುಮಾರು ಒಂದು ಗೇಣು. ಆದ್ದರಿಂದ ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಲಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮಸೂರವನ್ನು ದೀಪಕ್ಕೆ ಹಿಡಿದು ಒಳಗೆ ಬೂಷ್ಟು ಬೆಳೆದಿದೆಯೇ ನೋಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಸಾಮಾನ್ಯ. ಕೊಳ್ಳುವ ಮೊದಲು ಸಾಧ್ಯವಾದರೆ ಕ್ಯಾಮೆರಾವನ್ನು ಒಂದು ಸಂಜೆಗೆ ಕೇಳಿ ತನ್ನಿ. ಒಂದೇ ಟ್ಯೂಬ್‌ಲೈಟ್ ಉರಿಸಿ, ತಮ್ಮನಿಗೋ ತಂಗಿಗೋ ಮೇಜು ಬಾರಿಸಲು ಹೇಳಿ, 1/40 ಮತ್ತು 1/400ರಲ್ಲಿ ಒಂದೊಂದು ಚಿತ್ರ ತೆಗೆದು ಹೋಲಿಸಿ. ಅಂಗಡಿಯವರ ಮಾತಿಗಿಂತ ಆ ಎರಡು ಚಿತ್ರಗಳು ಹೆಚ್ಚು ಹೇಳುತ್ತವೆ.

ಕಛೇರಿಗೆ ಮುಂಚೆ ಕಲಾವಿದರನ್ನೂ ಸಂಘಟಕರನ್ನೂ ಒಂದು ಮಾತು ಕೇಳಿ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೆ ತಲುಪಿಸಿ. ನಿಮ್ಮೂರಿನಲ್ಲೂ ಯಾವ ಪತ್ರಿಕೆಯೂ ಚಿತ್ರ ಹಾಕದ ಹಿರಿಯ ವಾದಕರೊಬ್ಬರು ಇರಬಹುದು. ಮುಂದೊಂದು ದಿನ ಅವರ ಮನೆಯವರು ನಿಮ್ಮ ಬಾಗಿಲಿಗೆ ಬಂದು ಕೇಳಿದರೆ, ಕೊಡಲು ನಿಮ್ಮಲ್ಲಿ ಒಂದು ಚಿತ್ರವಿರಲಿ.