ಹೊರುವುದೂ ಹೇರುವುದೂ

ಭಾರವನ್ನು ಕುರಿತು ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ: ಹೊರು, ಹೇರು. ನಮ್ಮ ತಲೆಯ ಮೇಲೋ ಹೆಗಲ ಮೇಲೋ ಇರುವುದನ್ನು ನಾವು ಹೊರುತ್ತೇವೆ. ಎತ್ತಿನ ಮೇಲೆ, ಗಾಡಿಯ ಮೇಲೆ ಇಡುವುದನ್ನು ಹೇರುತ್ತೇವೆ. ಆಳು ಒಯ್ಯುವುದು ಹೊರೆ, ಎತ್ತು ಒಯ್ಯುವುದು ಹೇರು. ಸೈಕಲ್ಲು ಬಂದಾಗ ಈ ವಿಂಗಡಣೆ ತುಸು ಕಲಕಿಹೋಯಿತು. ಭಾರವನ್ನೇನೋ ಯಂತ್ರದ ಮೇಲೆ ಹೇರಿದ್ದಾಯಿತು. ಎತ್ತಿನ ಪಾಲಿನ ಕೆಲಸ ಮಾತ್ರ ಮನುಷ್ಯನಿಗೇ ಉಳಿಯಿತು.

ಇದನ್ನು ನಾನು ಮೊದಲು ಕಂಡದ್ದು ಕಾರವಾರದ ಕೋಡಿಬಾಗದಲ್ಲಿ, ತಾರಿಯ ಧಕ್ಕೆಯ ಮೇಲೆ. ಕಾಳಿ ನದಿ ಕಡಲು ಸೇರುವ ಆ ಎಡೆಯಲ್ಲಿ 1983ರಲ್ಲಿ ಸೇತುವೆ ಆಗುವ ತನಕ ಆಚೆ ದಡದ ಸದಾಶಿವಗಡಕ್ಕೆ ದೋಣಿಯೇ ಗತಿ. (ಆ ಸೇತುವೆಯೂ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ನದಿಗೆ ಬಿತ್ತು.) ಬೆಳಗಿನ ತಾರಿಯಲ್ಲಿ ಮೀನು ಮಾರುವ ಗಂಡಸರು ಸೈಕಲ್ಲಿಗೆ ಬುಟ್ಟಿ ಬಿಗಿದು, ಹ್ಯಾಂಡಲ್ಲಿಗೆ ರಬ್ಬರಿನ ಹಾರ್ನು ಸಿಕ್ಕಿಸಿ ನಿಂತಿರುತ್ತಿದ್ದರು. ಅವರ ಪಕ್ಕದಲ್ಲೇ ಹೆಂಗಸರು, ನೆತ್ತಿಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ. ಎರಡೂ ಬುಟ್ಟಿಗಳಲ್ಲಿ ಅದೇ ಬಂಗಡೆ, ಅದೇ ತಾರ್ಲೆ. ಹುಡುಗನಾಗಿದ್ದ ನನಗೆ ಈ ವ್ಯತ್ಯಾಸ ಪ್ರಶ್ನೆಯಾಗಿ ಕಾಣಲಿಲ್ಲ. ಹಾರ್ನಿನ ಸದ್ದಿನ ಮೇಲೆಯೇ ನನ್ನ ಗಮನವೆಲ್ಲ.

ಹಳೆಯ ಮಾದರಿಯ ಗಟ್ಟಿ ಸೈಕಲ್ಲಿನ ತೂಕ ಇಪ್ಪತ್ತು ಕಿಲೋದ ಆಸುಪಾಸು. ಅದು ತನ್ನ ತೂಕದ ಐದು ಪಟ್ಟನ್ನು ತಾಳುವುದು ಹೇಗೆ? ಗುಟ್ಟು ಚಕ್ರದಲ್ಲಿದೆ. ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಕಂಬಗಳಂತೆ ನಿಂತು ಭಾರವನ್ನು ಎತ್ತಿಹಿಡಿಯುತ್ತವೆ. ಆದಕಾರಣವೇ ಅವು ಅಷ್ಟು ದಪ್ಪ. ಸೈಕಲ್ಲಿನ ಕಡ್ಡಿಯಾದರೋ ಬರಿಯ ತಂತಿ. ಒತ್ತಿದರೆ ಬಾಗುತ್ತದೆ, ಎಳೆತಕ್ಕೆ ಮಾತ್ರ ಬಗ್ಗದು. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ವೀಣೆಯ ತಂತಿಯಂತೆ ಮೊದಲೇ ಬಿಗಿದಿರುತ್ತಾರೆ. ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ, ಅಷ್ಟೆ. ಆ ಬಿಗಿ ಪೂರಾ ಇಳಿದುಹೋಗದಿರುವ ತನಕ ಚಕ್ರಕ್ಕೆ ಭಯವಿಲ್ಲ. ಸಡಿಲ ಕಡ್ಡಿ ಮಾತ್ರ ಸುತ್ತುಸುತ್ತಿಗೂ ಜೋತು, ಮತ್ತೆ ಬಿಗಿದು, ಕೊನೆಗೊಂದು ದಿನ ಹಬ್ಬಿನ ಬಳಿಯ ಬಾಗಿನಲ್ಲಿ ಮುರಿಯುತ್ತದೆ. ಇಂಗ್ಲಿಷ್ ಮಾದರಿಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳನ್ನು ಇಟ್ಟದ್ದು ಹಿಂದೆ ಬೀಳುವ ಹೆಚ್ಚಿನ ಭಾರವನ್ನು ಬಲ್ಲವರೇ.

ಹೇರುವುದರಲ್ಲೂ ಒಂದು ಜಾಣತನವಿದೆ. ಕ್ಯಾರಿಯರಿನ ಮೇಲೆ ಎತ್ತರಕ್ಕೆ ಪೇರಿಸಿದರೆ ಸೈಕಲ್ಲು ತೂಗಾಡುತ್ತದೆ. ತೀರ ಹಿಂದಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ಲು ಮಾತು ಕೇಳುವುದಿಲ್ಲ. ಬಲ್ಲವರು ಚೀಲಗಳನ್ನು ಎರಡು ಪಕ್ಕಕ್ಕೂ ಸಮನಾಗಿ, ನೆಲಕ್ಕೆ ಆದಷ್ಟು ಹತ್ತಿರವಾಗಿ ಇಳಿಬಿಡುತ್ತಾರೆ. ಹೀಗೆ ತುಂಬಿದ ಮೇಲೆ ಹತ್ತಿ ತುಳಿಯುವ ಮಾತೇ ಇಲ್ಲ. ಸವಾರ ಇಳಿದು, ಪಕ್ಕದಲ್ಲಿ ನಡೆಯುತ್ತ, ತಳ್ಳಬೇಕು. ಭಾರಿ ಹೊರೆಯ ಸೈಕಲ್ಲು ಬಹುಮಟ್ಟಿಗೆ ತಳ್ಳುವ ಸೈಕಲ್ಲೇ ಎಂಬುದನ್ನು ನಾವು ನೆನಪಿಡಬೇಕು.

ಈ ತಳ್ಳುವಿಕೆಯ ಲೆಕ್ಕ ಬಲು ಸ್ವಾರಸ್ಯದ್ದು. ನೂರು ಕಿಲೋ ಹೇರಿದ ಸೈಕಲ್ಲನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸಾಗಿಸಲು ಒಂದು, ಒಂದೂವರೆ ಕಿಲೋ ತೂಕವನ್ನು ಎತ್ತುವಷ್ಟು ಬಲ ಸಾಕು. ಮಿಕ್ಕದ್ದನ್ನು ನೆಲವೇ ಹೊರುತ್ತದೆ. ಆದರೆ ಇಪ್ಪತ್ತಡಿಗೆ ಒಂದಡಿ ಏರುವ ದಾರಿ ಬಂತೆನ್ನಿ, ಅದಕ್ಕೆ ಇನ್ನೂ ಆರು ಕಿಲೋ ಸೇರುತ್ತದೆ. ಅಂಕೋಲೆಯತ್ತ ಹೊರಟವನಿಗೆ ಬಿಣಗಾ ಘಟ್ಟದಲ್ಲಿ ಬೆವರು ಇಳಿಯುತ್ತಿದ್ದುದು ಈ ಲೆಕ್ಕದಿಂದ. ಇಳಿಜಾರು ಇನ್ನೂ ಕೆಟ್ಟದ್ದು. ನಮ್ಮ ಮಳೆಗಾಲದಲ್ಲಿ ಉಕ್ಕಿನ ರಿಮ್ಮು ತೊಯ್ದರೆ ಬ್ರೇಕಿನ ರಬ್ಬರು ಜಾರುತ್ತದೆ. ಆಗ ಕ್ಯಾರಿಯರನ್ನು ಹಿಂದಕ್ಕೆ ಜಗ್ಗಿ ಹಿಡಿದೇ ಇಳಿಯಬೇಕು.

1954ರಲ್ಲಿ ವಿಯೆಟ್ನಾಮಿನ ಜನ ದಿಯೆನ್ ಬಿಯೆನ್ ಫೂ ಕಾಳಗಕ್ಕೆ ಕಾಡುದಾರಿಗಳಲ್ಲಿ ಅಕ್ಕಿಯನ್ನೂ ಮದ್ದುಗುಂಡನ್ನೂ ಸಾಗಿಸಿದ್ದು ಹೀಗೆ ತಳ್ಳಿಯೇ. ಹ್ಯಾಂಡಲ್ಲಿಗೆ ಒಂದು ಬಿದಿರಕೋಲು ಕಟ್ಟಿ ಉದ್ದ ಮಾಡಿದರು, ಸೀಟಿನ ಕೊಳವೆಗೆ ಇನ್ನೊಂದನ್ನು ನೆಟ್ಟಗೆ ಸಿಕ್ಕಿಸಿದರು. ಒಂದರಿಂದ ದಾರಿ ತಿದ್ದುವುದು, ಇನ್ನೊಂದರಿಂದ ತಳ್ಳುವುದು. ಒಂದೊಂದು ಸೈಕಲ್ಲಿನ ಮೇಲೆ ಇನ್ನೂರು ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಜಾರ್ಖಂಡದಲ್ಲಿ ಕಲ್ಲಿದ್ದಲ ಚೀಲಗಳನ್ನು ಹೇರಿಕೊಂಡು ರಾಂಚಿಯ ಕಡೆಗೆ ಮೈಲುಗಟ್ಟಲೆ ನಡೆಯುವ ಬಡವರೂ ಇಷ್ಟೇ ಭಾರವನ್ನು ತಳ್ಳಿದವರು. ಮೊದಲನೆಯದನ್ನು ಇತಿಹಾಸ ಶೌರ್ಯವೆಂದು ಬರೆದುಕೊಂಡಿತು. ಎರಡನೆಯದನ್ನು ಬರೆದುಕೊಂಡವರು ಕಡಮೆ.

ಈಗ ಧಕ್ಕೆಯ ಆ ಹೆಂಗಸರ ಕಡೆಗೆ ಬರುತ್ತೇನೆ. ಇಪ್ಪತ್ತೈದು, ಮೂವತ್ತು ಕಿಲೋದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತರೆ ಅಷ್ಟೂ ತೂಕ ಕುತ್ತಿಗೆಯ ಮೇಲೆ, ಬೆನ್ನಿನ ಮೇಲೆ, ಮಂಡಿಯ ಮೇಲೆ. ಅದೇ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿ ತಳ್ಳಿದರೆ, ಕೋಡಿಬಾಗದಿಂದ ಕಾರವಾರದ ಪೇಟೆಯವರೆಗಿನ ಸಮತಟ್ಟು ದಾರಿಯಲ್ಲಿ ಕೈಗೆ ತಗಲುವುದು ಅರ್ಧ ಕಿಲೋದಷ್ಟು ಬಲ. ಸೀರೆ ಉಟ್ಟವರಿಗೆ ಗಂಡಸರ ಸೈಕಲ್ಲಿನ ಅಡ್ಡ ಬಾರು ತೊಡಕಾಗುತ್ತದೆ ಎಂದು ಯಾರಾದರೂ ಹೇಳಿಯಾರು. ಹತ್ತುವವರಿಗೆ ತೊಡಕು, ಸರಿ, ತಳ್ಳುವವರಿಗೇನು? ಹತ್ತುವವರಿಗೂ ಅದು ಅಷ್ಟೊಂದು ತೊಡಕಲ್ಲವೆಂದು ತಮಿಳುನಾಡಿನ ಪುದುಕ್ಕೋಟ್ಟೈ ತೋರಿಸಿತು. 1991ರಿಂದ ಆಚೆಗೆ ಅಲ್ಲಿ ಅಕ್ಷರಾಂದೋಲನದ ಜೊತೆಜೊತೆಗೆ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ಲು ಕಲಿತರು. ಮಗುವನ್ನು ಕೂರಿಸಲು ಅನುಕೂಲವೆಂದು ಬಾರಿರುವ ಸೈಕಲ್ಲನ್ನೇ ಮೆಚ್ಚಿದವರೂ ಅವರಲ್ಲಿದ್ದರು. ಹಿಂದಿನ ಕ್ಯಾರಿಯರಿನಲ್ಲಿ ನೀರಿನ ಕೊಡಗಳು.

ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ, ಮೀನು ಮಾರಿಯೇ ಮುದುಕಿಯಾದ ನೆರೆಮನೆಯ ಅಕ್ಕನನ್ನು ಒಮ್ಮೆ ಕೇಳಿದೆ: ಆ ಕಾಲದಲ್ಲಿ ನೀವೇಕೆ ಸೈಕಲ್ಲು ಒಯ್ಯಲಿಲ್ಲ? ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. “ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್ಲು ಮಾಸ್ತರೇ. ಅದನ್ನು ಅವರು ಸದಾಶಿವಗಡದ ಕಡೆ ಒಯ್ಯುತ್ತಿದ್ದರು. ಉಳಿದ ಮೀನು ನನ್ನ ಪಾಲಿಗೆ.” ಅವರು ಮನೆಯಲ್ಲೇ ಇದ್ದ ದಿನಗಳಲ್ಲಿ? “ಆಗ ಸೈಕಲ್ಲೂ ಮನೆಯಲ್ಲೇ ಇರುತ್ತಿತ್ತು.” ತಳ್ಳಿಕೊಂಡು ಹೋಗಬಹುದಿತ್ತಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ಬಾಗಿಸಿ, ನೆತ್ತಿಯಲ್ಲಿ ಕೂದಲು ಸವೆದುಹೋದ ರೂಪಾಯಿಯಗಲದ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಚಹಾ ಇಡಲು ಒಳಗೆ ಹೋದರು.