ಮದ್ರಾಸಿನಲ್ಲಿ ಸಿಕ್ಕ ಸಿಲ್ವಿಯಾ

ಕ್ಯಾಮೆರಾ ಹಿಡಿದು ಕ್ಷುದ್ರಗ್ರಹ ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. ಮದ್ರಾಸಿನ ನುಂಗಂಬಾಕಂ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಮಾಡುತ್ತಿದ್ದದ್ದು ಬರೀ ಕಣ್ಣಿನ ಕೆಲಸ. ದೂರದರ್ಶಕದಲ್ಲಿ ಕಾಣುವ ಚುಕ್ಕೆಗಳನ್ನು ನಕ್ಷತ್ರಪಟದ ಜತೆ ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕೆ ಕಂಡರೆ ಅದರ ಜಾಗ ಗುರುತು ಹಾಕಿಕೊಂಡು ಮತ್ತೆ ನೋಡಬೇಕು. ಅಕ್ಕಪಕ್ಕದ ನಕ್ಷತ್ರಗಳ ನಡುವೆ ಅದು ಜರುಗಿದ್ದರೆ, ಸಿಕ್ಕಿತೆಂದೇ ಲೆಕ್ಕ. 1866ರ ಮೇ 16ರಂದು ಹಾಗೆ ಸಿಕ್ಕಿದ್ದೇ 87ನೆಯ ಕ್ಷುದ್ರಗ್ರಹ, ಸಿಲ್ವಿಯಾ. ನಕ್ಷತ್ರಗಳ ಹೊಳಪನ್ನು ಅಳೆಯಲು ಇಂದಿಗೂ ಬಳಸುವ ಮಾನವನ್ನು 1856ರಲ್ಲಿ ಗೊತ್ತುಮಾಡಿದವರೂ ಇದೇ ಪಾಗ್ಸನ್. ಅವರ ವೀಕ್ಷಣಾಲಯದ ಪರಂಪರೆಯೇ ಮುಂದೆ ಕೊಡೈಕೆನಾಲ್ ದಾರಿ ಹಿಡಿದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಯಿತು.

ಸಿಲ್ವಿಯಾ ಇರುವುದು ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಭೂಮಿ ಇರುವುದರ ಸುಮಾರು ಮೂರೂವರೆ ಪಟ್ಟು ದೂರದಲ್ಲಿ. ಸೂರ್ಯನನ್ನು ಒಂದು ಸುತ್ತು ಹಾಕಲು ಆರೂವರೆ ವರ್ಷ ಬೇಕು. ಇಷ್ಟು ತಿಳಿದ ಮೇಲೂ ಅದರ ಒಡಲೊಳಗೆ ಏನಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ತೂಕವೇ ತಿಳಿಯದಿದ್ದರೆ ಒಳಗಿನದು ಹೇಗೆ ತಿಳಿದೀತು?

ತೂಕಕ್ಕೆ ದಾರಿ ತೋರಿಸಿದ್ದು ಒಂದು ಚಂದ್ರ. 2001ರ ಫೆಬ್ರವರಿಯಲ್ಲಿ ಮೈಕ್ ಬ್ರೌನ್ ಮತ್ತು ಜಾನ್-ಲುಕ್ ಮಾರ್ಗೋ ಹವಾಯಿಯ ಕೆಕ್ ದೂರದರ್ಶಕದಿಂದ ಸಿಲ್ವಿಯಾದ ಪಕ್ಕದಲ್ಲೊಂದು ಮಸುಕು ಚುಕ್ಕೆ ಕಂಡರು. ಅದರ ಅಡ್ಡಗಲ 18 ಕಿಲೋಮೀಟರ್ ಆಸುಪಾಸು. 2004ರಲ್ಲಿ ಫ್ರಾಂಕ್ ಮಾರ್ಶಿ ಅವರ ತಂಡ ಚಿಲಿ ದೇಶದ 8.2 ಮೀಟರ್ ದೂರದರ್ಶಕವನ್ನು ಅದರತ್ತ ತಿರುಗಿಸಿತು. ಗಾಳಿಯ ಕದಲಾಟದಿಂದ ಚಿತ್ರ ಕಲಸಿಹೋಗದಂತೆ, ಬೆಳಕಿನ ದಾರಿಯಲ್ಲಿರುವ ಕನ್ನಡಿಯೊಂದು ಕ್ಷಣಕ್ಷಣಕ್ಕೂ ತನ್ನ ಆಕಾರವನ್ನೇ ಬದಲಿಸುವ ಏರ್ಪಾಟು ಅಲ್ಲಿತ್ತು. ಎರಡು ತಿಂಗಳಲ್ಲಿ 27 ಸಲ ನೋಡಿದ ಚಿತ್ರಗಳಲ್ಲಿ, ಇನ್ನೂ ಹತ್ತಿರದಲ್ಲಿ, 7 ಕಿಲೋಮೀಟರಿನ ಮತ್ತೊಂದು ಚಂದ್ರ ಹೊರಬಿತ್ತು. ರೋಮಿನ ಪುರಾಣದಲ್ಲಿ ಸಿಲ್ವಿಯಾ ಅವಳಿಮಕ್ಕಳ ತಾಯಿ. ಹಾಗಾಗಿ ಚಂದ್ರಗಳಿಗೆ ಆ ಮಕ್ಕಳದೇ ಹೆಸರು, ರೊಮುಲಸ್, ರೀಮಸ್, ಇಡಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಮೊದಲು ಸಿಕ್ಕ ಚಂದ್ರ ರೊಮುಲಸ್, ಸಿಲ್ವಿಯಾದಿಂದ 1,360 ಕಿಲೋಮೀಟರ್ ದೂರದಲ್ಲಿ ಮೂರೂವರೆ ದಿನಕ್ಕಿಂತ ತುಸು ಹೆಚ್ಚು ಸಮಯದಲ್ಲಿ ಒಂದು ಸುತ್ತು ಮುಗಿಸುತ್ತದೆ. ಈ ಎರಡು ಸಂಖ್ಯೆ ಕೈಗೆ ಬಂದರೆ ಸಾಕು, ಕೆಪ್ಲರನ ಮೂರನೆಯ ನಿಯಮ ನ್ಯೂಟನ್‌ನ ಗುರುತ್ವದ ಜತೆ ಸೇರಿ ಸಿಲ್ವಿಯಾದ ತೂಕ ಹೇಳಿಬಿಡುತ್ತದೆ. ಆ ತೂಕವನ್ನು ಸಿಲ್ವಿಯಾದ ಗಾತ್ರದಿಂದ ಭಾಗಿಸಿದಾಗ ಬಂದ ಉತ್ತರ ಅಚ್ಚರಿಯದು: ಸಾಂದ್ರತೆ ನೀರಿನ 1.2 ಪಟ್ಟು ಮಾತ್ರ. ಗಟ್ಟಿ ಬಂಡೆ ಇಷ್ಟು ಹಗುರ ಇರಲಾರದು. ಎಂದೋ ಡಿಕ್ಕಿಯಲ್ಲಿ ಒಡೆದ ಕಾಯವೊಂದರ ಚೂರುಗಳು ಸಡಿಲವಾಗಿ ಮತ್ತೆ ಗುಡ್ಡೆಯಾಗಿವೆ, ನಡುನಡುವೆ ಬೇಕಾದಷ್ಟು ಪೊಳ್ಳು ಜಾಗವಿದೆ ಎಂಬುದು ಮಾರ್ಶಿ ತಂಡದ ತೀರ್ಮಾನ. ಆ ಜಲ್ಲಿರಾಶಿ 5 ಗಂಟೆ 11 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ. ಎರಡು ಚಂದ್ರಗಳಿವೆ ಎಂದು ಖಚಿತವಾದ ಮೊದಲ ಕ್ಷುದ್ರಗ್ರಹವೂ ಅದೇ.