ಮೊದಲ ಹೊಲಿಗೆ ಮಿಷನ್ ಯಾವುದಿರಲಿ?

ಮದ್ದೂರು, ಮಂಡ್ಯದ ಸುತ್ತಲಿನ ಹಳ್ಳಿಗಳಿಂದ ದಿನಾ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಒಂದು ಆಸೆ ಇರುತ್ತದೆ. ಮನೆಯಲ್ಲೇ ಒಂದು ಮಿಷನ್ ಹಾಕಿಕೊಂಡು ರವಿಕೆ, ನೈಟಿ, ಮಕ್ಕಳ ಲಂಗ ಹೊಲಿಯಬೇಕು, ಕೈಯಲ್ಲಿ ನಾಲ್ಕು ಕಾಸು ನೋಡಬೇಕು. “ಯಾವ ಮಿಷನ್ ತಕೊಂಡ್ರೆ ಬಾಳಿಕೆ ಬತ್ತದೆ?” ಎಂಬುದು ಅವರ ಪ್ರಶ್ನೆ. ಅಂಗಡಿಯಲ್ಲಿ ಇದಕ್ಕೆ ಉತ್ತರವಾಗಿ ಒಂದು ಕಂಪನಿಯ ಹೆಸರು ಸಿಗುತ್ತದೆ. ನನ್ನ ಪ್ರಕಾರ ಹೆಸರಿಗಿಂತ ಮೊದಲು ತಿಳಿಯಬೇಕಾದದ್ದು ಮಿಷನ್ನಿನ ಹೊಟ್ಟೆಯೊಳಗೆ ನಡೆಯುವ ಕೆಲಸ. ಅದು ಅರ್ಥವಾದರೆ ಆಯ್ಕೆಯ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕೈಸೂಜಿಯ ಕಣ್ಣು ಹಿಂತುದಿಯಲ್ಲಿರುತ್ತದೆ, ಮಿಷನ್ ಸೂಜಿಯ ಕಣ್ಣು ಮೊನೆಯ ಬಳಿ. ಸೂಜಿ ದಾರವನ್ನು ಹೊತ್ತು ಬಟ್ಟೆಯನ್ನು ತೂರಿ ಕೆಳಗಿಳಿಯುತ್ತದೆ. ಕೊನೆ ಮುಟ್ಟಿ ಮತ್ತೆ ಸುಮಾರು 2 ಮಿಲಿಮೀಟರ್ ಮೇಲೇಳುವಷ್ಟರಲ್ಲಿ ಒಂದು ಸೊಗಸಾದ ಘಟನೆ ನಡೆಯುತ್ತದೆ. ಬಟ್ಟೆಯ ಬಿಗಿಗೆ ಸಿಕ್ಕ ದಾರ ಸೂಜಿಯ ಜೊತೆ ಮೇಲೇಳಲಾರದೆ ಪಕ್ಕಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಸರಿಯಾಗಿ ಅದೇ ಗಳಿಗೆಗೆ ಬಟ್ಟೆಯ ಕೆಳಗಿರುವ ಶಟಲ್ಲಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು, ಹಿಗ್ಗಿಸಿ, ಕೆಳಗಿನ ದಾರ ಸುತ್ತಿದ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಮೇಲಿನ ದಾರಕ್ಕೆ ಕೆಳಗಿನ ದಾರ ಹೆಣೆದುಕೊಳ್ಳುತ್ತದೆ. ಮಿಷನ್ನಿನ ಮುಖದಲ್ಲಿ ಏರಿಳಿಯುವ ಕಡ್ಡಿ ದಾರವನ್ನು ಜಗ್ಗಿ ಆ ಹೆಣಿಗೆಯನ್ನು ಬಟ್ಟೆಯ ನಡುಮಧ್ಯಕ್ಕೆ ತರುತ್ತದೆ, ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಸರಿಸುತ್ತವೆ. ಮನೆಬಳಕೆಯ ಮೋಟಾರು ಮಿಷನ್ ನಿಮಿಷಕ್ಕೆ ಸುಮಾರು 800 ಹೊಲಿಗೆ ಹಾಕುತ್ತದೆ. ಅಂದರೆ ಇಷ್ಟೆಲ್ಲ ಕೆಲಸ ಸೆಕೆಂಡಿಗೆ ಹದಿಮೂರು ಸಲ ನಡೆಯುತ್ತದೆ.

ಮೊನೆಯಲ್ಲಿ ಕಣ್ಣು, ಕೆಳಗೊಂದು ಶಟಲ್, ಎರಡು ದಾರ. ಈ ಜೋಡಣೆಗೆ ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ಅದನ್ನು ಸುಧಾರಿಸಿ, ಮುಂದೆ ಮನೆಮನೆಗೂ ಕಂತಿನಲ್ಲಿ ಮಾರಿದ. ನಮ್ಮಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಮಿಷನ್ ತಯಾರಿಕೆಗೆ ಇಳಿಯಿತು. ಯಂತ್ರಗಳ ಅತಿಬಳಕೆಯನ್ನು ಕಟುವಾಗಿ ವಿರೋಧಿಸುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ದುಡಿಯುವ ಕೈಯ ದಣಿವನ್ನು ಅದು ಕಡಿಮೆ ಮಾಡುತ್ತದೆ ಎಂಬುದನ್ನು ಅವರು ಕಂಡಿದ್ದರು.

ಕೊಕ್ಕೆ ಸೂಜಿಯ ಪಕ್ಕ ಹಾಯುವಾಗ ನಡುವೆ ಇರುವ ಸಂದು ಒಂದು ಕೂದಲೆಳೆಯಷ್ಟು ಮಾತ್ರ. ಒಳ್ಳೆಯ ಮಿಷನ್ ಅಂದರೆ ಈ ಸಂದನ್ನು ವರ್ಷಗಟ್ಟಲೆ ಹಾಗೇ ಕಾಪಾಡುವ ಮಿಷನ್. ಡಬ್ಬದ ಮೇಲೆ ಮುದ್ರಿಸಿದ ಹೊಲಿಗೆಗಳ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ. ಸೂಜಿ ಎಳ್ಳಷ್ಟು ಬಾಗಿದರೂ ಕೊಕ್ಕೆಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ. “ಮಿಷನ್ ಕೆಟ್ಟೋಯ್ತು” ಎಂದು ರಿಪೇರಿಗೆ ಹೊತ್ತೊಯ್ಯುವ ಮೊದಲು ಕೆಲವೇ ರೂಪಾಯಿಯ ಹೊಸ ಸೂಜಿ ಹಾಕಿ ನೋಡಿ. ಸೂಜಿಯ ಬುಡದ ಚಪ್ಪಟೆ ಬದಿ ಕೊಕ್ಕೆ ಬರುವ ಕಡೆಗಿರಬೇಕು, ಉದ್ದ ಗೀರು ದಾರ ಪೋಣಿಸುವ ಕಡೆಗಿರಬೇಕು. ಮಾಮೂಲಿ ಹತ್ತಿ ಬಟ್ಟೆಗೆ 14ನೇ ನಂಬರು, ರೇಷ್ಮೆ ರವಿಕೆಗೆ 11, ಜೀನ್ಸಿಗೆ 16 ಅಥವಾ 18. ರೇಷ್ಮೆಗೆ ದಪ್ಪ ಸೂಜಿ ಹಾಕಿದರೆ ಎಳೆ ಕಿತ್ತು ಬರುತ್ತದೆ, ತೂತು ಉಳಿದುಹೋಗುತ್ತದೆ.

ಈಗ ಆಯ್ಕೆಯ ಮಾತು. ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ಕಾಲಲ್ಲಿ ತುಳಿಯುವ ಕಪ್ಪು ಮಿಷನ್ ಸ್ಟ್ಯಾಂಡು, ಹಲಗೆ ಸೇರಿ ಸುಮಾರು 6,000ದಿಂದ 9,000 ರೂಪಾಯಿ. ಕರೆಂಟಿನ ಬಿಳಿ ಜಿಗ್‌ಜಾಗ್ ಮಿಷನ್ 10,000ದ ಆಸುಪಾಸಿನಿಂದ ಶುರು. ಗಾರ್ಮೆಂಟ್ಸಿನಲ್ಲಿರುವಂಥ ಪವರ್ ಮಿಷನ್ 20,000ದ ಆಚೀಚೆ.

ಗಾರ್ಮೆಂಟ್ಸಿನಲ್ಲಿ ಕೈ ಪಳಗಿದವರ ಮನಸ್ಸು ಸಹಜವಾಗಿ ಪವರ್ ಮಿಷನ್ ಕಡೆಗೇ ಹೋಗುತ್ತದೆ. ಅದು ನಿಮಿಷಕ್ಕೆ 4,000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು. ಆದರೆ ಕಾರ್ಖಾನೆಯಲ್ಲಿ ಒಬ್ಬರು ದಿನವಿಡೀ ಕಾಲರ್ ಒಂದನ್ನೇ, ಇನ್ನೊಬ್ಬರು ಪಕ್ಕದ ಜೋಡಣೆ ಒಂದನ್ನೇ ಮಾಡುತ್ತಾರೆ. ಮನೆಯಲ್ಲಿ ಅಳತೆ ತೆಗೆಯುವುದು, ಕತ್ತರಿಸುವುದು, ಹುಕ್ಕು ಹಾಕುವುದು ಎಲ್ಲವೂ ಒಬ್ಬಳದೇ ಕೆಲಸ. ಹಾಗಾಗಿ ಮಿಷನ್ ಓಡುವ ಹೊತ್ತು ಕಡಿಮೆ, ವೇಗದ ಲಾಭವೂ ಕಡಿಮೆ. ದಿನಕ್ಕೆ ಆರೇಳು ಗಂಟೆ ಹೊಲಿಯುವಷ್ಟು ಆರ್ಡರು ಈಗಾಗಲೇ ಕೈಯಲ್ಲಿದ್ದರೆ ಮಾತ್ರ ಅದನ್ನು ಕೊಳ್ಳಿ. ಆಗಲೂ ಸರ್ವೋ ಮೋಟಾರಿನದನ್ನೇ ಕೇಳಿ. ಹಳೆಯ ಕ್ಲಚ್ ಮೋಟಾರು ನೀವು ಹೊಲಿಯದೆ ಕೂತಾಗಲೂ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರು ಕಾಲೊತ್ತಿದಾಗ ಮಾತ್ರ ತಿರುಗುತ್ತದೆ, ನಿಧಾನಕ್ಕೂ ಓಡುತ್ತದೆ.

ಜಿಗ್‌ಜಾಗಿನಲ್ಲಿ ಸೂಜಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಎರಡೂ ಕಡೆ ಕೊಕ್ಕೆಗೆ ಕುಣಿಕೆ ಸಿಗಬೇಕಾದ್ದರಿಂದ ಅದರ ಜೋಡಣೆ ಹೆಚ್ಚು ನಾಜೂಕು. ಸೀರೆಗೆ ಪೀಕೋ, ಬಟ್ಟೆಯ ಅಂಚಿಗೆ ಜಿಗ್‌ಜಾಗ್ ಮಾಡಿಕೊಡುವುದೇ ನಿಮ್ಮ ಸಂಪಾದನೆ ಎಂದಾದರೆ ಕಪ್ಪು ಮಿಷನ್ ಸಾಲದು, ಇದೇ ಬೇಕು. ಕೊಳ್ಳುವ ಮುನ್ನ ಅದನ್ನು ಬಿಚ್ಚಿ ಸರಿಮಾಡಬಲ್ಲ ಮೆಕ್ಯಾನಿಕ್ ನಿಮ್ಮೂರಿನ ಹತ್ತಿರ ಇದ್ದಾರೆಯೇ ವಿಚಾರಿಸಿ. ಮೊಬೈಲಿನಲ್ಲಿ ಸಾವಿರ, ಒಂದೂವರೆ ಸಾವಿರಕ್ಕೆ ಕಾಣುವ ಅಂಗೈ ಅಗಲದ ಮಿಷನ್ನುಗಳನ್ನು ಮಾತ್ರ ಕೊಳ್ಳಲೇಬೇಡಿ. ಕೈಯಲ್ಲಿ ಹಿಡಿದು ಹೊಲಿಯುವ ಬಗೆಯವು ಸಾಮಾನ್ಯವಾಗಿ ಒಂದೇ ದಾರದ ಸರಪಣಿ ಹೊಲಿಗೆ ಹಾಕುತ್ತವೆ. ಅದರ ಕೊನೆಯ ಎಳೆ ಬಿಚ್ಚಿದರೆ ಇಡೀ ಸಾಲು ಸರ್ರನೆ ಕಳಚಿ ಬರುತ್ತದೆ.

ಹೊಸದಾಗಿ ಶುರುಮಾಡುವವರಿಗೆ ನನ್ನ ಮತ ಕಪ್ಪು ಮಿಷನ್ನಿಗೇ. ಮೈ ಎರಕದ ಕಬ್ಬಿಣದ್ದು, ಆದ್ದರಿಂದ ಅದುರುವುದು ಕಡಿಮೆ, ಆ ಕೂದಲೆಳೆಯ ಸಂದು ಕದಲುವುದೂ ಕಡಿಮೆ. ವಿನ್ಯಾಸ ನೂರು ವರ್ಷಕ್ಕೂ ಹಳೆಯದು. ಲೂಧಿಯಾನದ ಕಾರ್ಖಾನೆಗಳು ಇದರ ಬಿಡಿಭಾಗಗಳನ್ನು ಹೇರಳವಾಗಿ ಮಾಡುತ್ತವೆ, ಒಂದು ಕಂಪನಿಯ ಬಾಬಿನ್, ಬಾಬಿನ್ ಕೇಸು ಬಹುಮಟ್ಟಿಗೆ ಇನ್ನೊಂದರದಕ್ಕೂ ಹೊಂದುತ್ತವೆ. ಮುಂದೆ ಬೇಕಾದರೆ ಚಿಕ್ಕ ಮೋಟಾರು ಕೂರಿಸಬಹುದು. 100 ವಾಟಿನ ಮೋಟಾರು ಹತ್ತು ಗಂಟೆ ಓಡಿದರೆ ಒಂದು ಯೂನಿಟ್ಟು, ಬಿಲ್ಲಿಗೆ ಹೆದರಬೇಕಿಲ್ಲ. ಆದರೆ ಪೆಡಲು, ಬೆಲ್ಟುಗಳನ್ನು ತೆಗೆದು ಗುಜರಿಗೆ ಹಾಕಬೇಡಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಸೀಮೆ ನಮ್ಮದು, ಆದರೂ ಗೌರಿಹಬ್ಬದ ಹಿಂದಿನ ದಿನ ಕರೆಂಟು ಹೋದರೆ ಒಪ್ಪಿಕೊಂಡ ರವಿಕೆಗಳನ್ನು ಮುಗಿಸಿಕೊಡುವುದು ಆ ಪೆಡಲೇ.

ಎಣ್ಣೆಯ ವಿಷಯ ಒತ್ತಿ ಹೇಳಬೇಕು. ತೆಂಗಿನ ಸೀಮೆಯಾದ್ದರಿಂದ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ, ಮಿಷನ್ನಿಗೂ ಎರಡು ತೊಟ್ಟು ಬೀಳುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಾರ್ಗಶಿರದ ಬೆಳಗಿನಲ್ಲಿ ಮಂಡ್ಯ ಅದಕ್ಕಿಂತ ತಣ್ಣಗಿರುತ್ತದೆ. ದಿನ ಕಳೆದಂತೆ ಅದು ಬಟ್ಟೆಯ ಧೂಳಿನ ಜೊತೆ ಸೇರಿ ಅಂಟಾಗಿ ಚಕ್ರವನ್ನೇ ಬಿಗಿ ಹಿಡಿಯುತ್ತದೆ. ಹೊಲಿಗೆ ಮಿಷನ್ ಎಣ್ಣೆ ಎಂದೇ ಮಾರುವ ತೆಳು ಬಿಳಿ ಎಣ್ಣೆಯನ್ನಷ್ಟೇ ಹಾಕಿ. ಹಲ್ಲಿನ ಸಂದಿಯ, ಶಟಲ್ಲಿನ ಧೂಳನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ತೆಗೆಯಿರಿ.

ದುಡ್ಡಿನ ದಾರಿಯೂ ಮುಖ್ಯ. ಮಿಷನ್ನಿಗಾಗಿ ವಾರದ ಕಂತಿನ ಸಾಲಕ್ಕೆ ಬೀಳಬೇಡಿ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅರ್ಹರಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿವೆ. ಗ್ರಾಮ ಪಂಚಾಯಿತಿಯಲ್ಲಿ ಮೊದಲು ಇದನ್ನು ಕೇಳಿ.

ಅಂಗಡಿಗೆ ಹೋಗುವಾಗ ನೀವು ಹೊಲಿಯುವ ಬಟ್ಟೆಯ ತುಂಡುಗಳನ್ನೇ ಒಯ್ಯಿರಿ, ಒಂದು ತೆಳು, ಒಂದು ದಪ್ಪ. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಡಿಯ ತುಂಡಿನ ಮೇಲೆ ಯಾವ ಮಿಷನ್ನಾದರೂ ಚೆನ್ನಾಗಿಯೇ ಹೊಲಿಯುತ್ತದೆ. ಮೇಲೊಂದು ಬಣ್ಣದ, ಬಾಬಿನ್ನಿಗೆ ಇನ್ನೊಂದು ಬಣ್ಣದ ದಾರ ಹಾಕಿಸಿ. ಕೆಳಗಿನ ಬಣ್ಣ ಮೇಲೆ ಇಣುಕಬಾರದು, ಮೇಲಿನದು ಕೆಳಗೆ ಕಾಣಬಾರದು. ಟೆನ್ಷನ್ ತಿರುಪು ಸ್ವಲ್ಪ ತಿರುಗಿಸಿದಾಗ ಸರಿಹೋದರೆ ಸರಿ, ಎಷ್ಟು ತಿರುಗಿಸಿದರೂ ಸರಿಹೋಗದಿದ್ದರೆ ಆ ಮಿಷನ್ ಬೇಡ. ಆಮೇಲೆ ಸೂಜಿಗೆ ದಾರವಿಲ್ಲದೆ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಎಲ್ಲಾದರೂ ಒಂದೇ ಜಾಗದಲ್ಲಿ ಪ್ರತಿ ಸುತ್ತೂ ಹಿಡಿದಂತಾದರೆ ಒಳಗೆ ಏನೋ ಉಜ್ಜುತ್ತಿದೆ.

ಇನ್ನೊಂದು ಮಾತು. ಹೊಸದಕ್ಕೆ ದುಡ್ಡು ಹೊಂದಿಸುವ ಮೊದಲು ಮನೆಯ ಅಟ್ಟದ ಮೇಲೆ, ತವರಿನ ಮೂಲೆಯಲ್ಲಿ ಹಳೆಯ ಕಪ್ಪು ಮಿಷನ್ ಇದೆಯೇ ನೋಡಿ. ತುಕ್ಕು ಹಿಡಿದ ಚಕ್ರ ಕಂಡು ಗುಜರಿಗೆ ಕೊಡಬೇಡಿ. ಮೈ ಬಿರುಕು ಬಿಟ್ಟಿಲ್ಲದಿದ್ದರೆ, ಒಳ್ಳೆಯ ಮೆಕ್ಯಾನಿಕ್ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಶಟಲ್, ಬಾಬಿನ್ ಕೇಸು, ಬೆಲ್ಟು ಬದಲಿಸಿ ಹೊಸದರ ಬೆಲೆಯ ಒಂದು ಭಾಗದಲ್ಲೇ ಓಡಿಸಿಕೊಡುತ್ತಾರೆ. ಹೊಲಿಗೆ ಕಲಿಯಲು, ಮೊದಲ ಗಿರಾಕಿಗಳ ರವಿಕೆ ಹೊಲಿಯಲು ಅದು ಧಾರಾಳವಾಗಿ ಸಾಕು.